ಬೆಳ್ಳಿಯಲ್ಲಿ ಉಳಿದ ಮುಖಗಳು

ಕೇರಳದ ಛಾಯಾಗ್ರಾಹಕರ ಕತ್ತಲೆಕೋಣೆಯಿಂದ ನಮಗೊಂದು ಪಾಠ

ಪರಊರಿಗೆ ದುಡಿಯಲು ಬಂದ ನಮ್ಮವರಲ್ಲಿ ಹಿರಿಯರಾದ ಯಾರನ್ನಾದರೂ ವಿಚಾರಿಸಿ ನೋಡಿರಿ. ಮೊದಲ ಸಂಬಳದ ಹಣ ಯಾವುದಕ್ಕೆ ವೆಚ್ಚವಾಯಿತೆಂದು ಕೇಳಿದರೆ ಊರಿಗೆ ಕಳುಹಿಸಿದ ಮನಿಯಾರ್ಡರಿನ ಲೆಕ್ಕವನ್ನು ಮೊದಲು ಹೇಳುವರು. ಎರಡನೆಯದಾಗಿ ಹೇಳುವುದು ಸ್ಟುಡಿಯೊದಲ್ಲಿ ತೆಗೆಸಿಕೊಂಡ ಫೋಟೊದ ಸಂಗತಿ. ಬೆಳಗಿನಿಂದ ರಾತ್ರಿಯವರೆಗೆ ಹೊಗೆ ತುಂಬಿದ ಅಡಿಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಹುಡುಗನು ರಜೆಯ ದಿನ ಸಂಜೆ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಜತೆಗಾರನ ಇಸ್ತ್ರಿ ಅಂಗಿಯನ್ನು ಕಡ ಪಡೆದು, ಸ್ಟುಡಿಯೊದ ಮೆಟ್ಟಲು ಹತ್ತುತ್ತಿದ್ದನು. ಅಲ್ಲಿ ಗೋಡೆಗೆ ತೂಗಹಾಕಿದ ಪರದೆಯ ಮೇಲೆ ಅರಮನೆಯೋ ಸರೋವರವೋ ಇರುತ್ತಿದ್ದಿತು. ಬೇಕೆಂದರೆ ಕೋಟೂ ಸಿಕ್ಕುತ್ತಿದ್ದಿತು. ಎಂಟು ದಿನಗಳ ತರುವಾಯ ಆ ಚಿತ್ರವು ಅಂಚೆಯಲ್ಲಿ ಊರಿಗೆ ಹೋಗಿ, "ನಾನು ಇಲ್ಲಿ ಕ್ಷೇಮ" ಎಂಬ ಮಾತನ್ನು ಕಾಗದಕ್ಕಿಂತ ಸ್ಪಷ್ಟವಾಗಿ ತಾಯಿಗೆ ಹೇಳುತ್ತಿದ್ದಿತು. ಓದಲು ಬಾರದ ತಾಯಿಗೆ ಅದೇ ಕಾಗದ.

ನಮ್ಮ ತೀರ್ಥರೂಪರು 1962ನೆಯ ಇಸವಿಯಲ್ಲಿ ಮುಂಬಯಿಯ ಒಂದು ಸ್ಟುಡಿಯೊದಲ್ಲಿ ಅಂಥದೊಂದು ಫೋಟೊ ತೆಗೆಸಿಕೊಂಡಿದ್ದರು. ಅವರ ಯೌವನದ ಚಿತ್ರ ನಮ್ಮ ಮನೆಯಲ್ಲಿ ಅದೊಂದೇ. ಊರಮನೆಯ ಮಳೆಗಾಲ ಅದನ್ನು ಉಳಿಸಲಿಲ್ಲ. ಮೊದಲು ಅಂಚಿಗೆ ಬೂಸಲು ಬಂದಿತು. ಮತ್ತೆ ಕಾಗದವು ಗಾಜಿಗೆ ಅಂಟಿಕೊಂಡಿತು. ಬಿಡಿಸಲು ಹೋದಾಗ ಮುಖವೇ ಕಿತ್ತುಬಂದಿತು. ಚಿತ್ರದ ಬೆನ್ನ ಮೇಲೆ ಸ್ಟುಡಿಯೊದ ಮುದ್ರೆಯೂ ನೆಗೆಟಿವಿನ ಸಂಖ್ಯೆಯೂ ಇದ್ದುವು. ಆ ಸಂಖ್ಯೆಯನ್ನು ಬರೆದುಕೊಂಡು ನಾವು ಆ ಬೀದಿಗೆ ಹೋದೆವು. ಸ್ಟುಡಿಯೊ ಇದ್ದ ಜಾಗದಲ್ಲಿ ಮೊಬೈಲು ಫೋನುಗಳ ಅಂಗಡಿ. ಹಳೆಯ ನೆಗೆಟಿವುಗಳೇನಾದುವೆಂದು ವಿಚಾರಿಸಲಾಗಿ, ಅವನ್ನೆಲ್ಲ ಮೂಟೆಕಟ್ಟಿ ಗುಜರಿಯವನಿಗೆ ತೂಕಕ್ಕೆ ಹಾಕಿದರೆಂದು ಪಕ್ಕದ ಅಂಗಡಿಯವರು ತಿಳಿಸಿದರು. ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ. ಅದನ್ನು ಬೇರ್ಪಡಿಸಿ ಮಾರುವವರಿದ್ದಾರೆ. ನಮ್ಮ ತಂದೆಯ ಇಪ್ಪತ್ತು ವರುಷದ ಮುಖದಲ್ಲಿದ್ದ ಬೆಳ್ಳಿ ಯಾವ ಆಭರಣ ಸೇರಿತೋ ಯಾರು ಬಲ್ಲರು!

ಈ ನೆನಪು ಮತ್ತೆ ಕೆರಳಿದುದು ಕೇರಳದ ಛಾಯಾಗ್ರಾಹಕ ಶಿವನ್ ಅವರ ಜೀವನವೃತ್ತಾಂತವನ್ನು ಓದಿದಾಗ. ತಿರುವನಂತಪುರದ ಒಂದು ಸ್ಟುಡಿಯೊ ಒಂದು ರಾಜ್ಯದ ಮುಖವನ್ನೇ ಫಿಲ್ಮಿನಲ್ಲಿ ಹಿಡಿದ ಕಥೆ ಅದು. ಅದನ್ನೂ ಅದರ ಬೆನ್ನಿಗೆ ಕೊಚ್ಚಿಯ ಇನ್ನೊಬ್ಬರ ಕಥೆಯನ್ನೂ ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ತಿರುವನಂತಪುರದ ಶಿವನ್

ಶಿವಶಂಕರನ್ ನಾಯರ್ ಎಂಬುದು ಅವರ ಪೂರ್ಣ ಹೆಸರು. ಹುಟ್ಟಿದ್ದು 1932ರಲ್ಲಿ; ಮೂಲತಃ ಆಲಪ್ಪುಳ ಕಡೆಯ ಹರಿಪಾಡಿನವರು. ಲೋಕಕ್ಕೆ ಅವರು ಬರಿಯ ಶಿವನ್. ತಿರುವಾಂಕೂರು ಹಾಗೂ ತಿರು-ಕೊಚ್ಚಿ ಪ್ರಾಂತದ ಮೊದಲ ಪತ್ರಿಕಾ ಛಾಯಾಗ್ರಾಹಕರೆಂದು ಅವರನ್ನು ಕರೆಯುವ ರೂಢಿಯಿದೆ. ಅವರು ಕ್ಯಾಮರಾ ಹಿಡಿದು ಬೀದಿಗಿಳಿದ ಕಾಲವೂ ಸಾಮಾನ್ಯವಾದುದಲ್ಲ. 1949ರಲ್ಲಿ ತಿರುವಾಂಕೂರು, ಕೊಚ್ಚಿ ಎರಡೂ ಸಂಸ್ಥಾನಗಳು ಒಂದಾದುವು. 1956ನೆಯ ನವೆಂಬರ್ 1ರಂದು ಕೇರಳ ರಾಜ್ಯ ಹುಟ್ಟಿತು. ಅದೇ ದಿನ ನಮ್ಮ ಮೈಸೂರು ರಾಜ್ಯವೂ ವಿಸ್ತಾರಗೊಂಡಿತೆಂಬುದನ್ನೂ, ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತೆಂಬುದನ್ನೂ ಕನ್ನಡಿಗರಿಗೆ ನೆನಪಿಸಬೇಕಾದುದಿಲ್ಲ. 1957ನೆಯ ಏಪ್ರಿಲ್ 5ರಂದು ಇ. ಎಂ. ಎಸ್. ನಂಬೂದಿರಿಪಾಡರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಾಗ ಜಗತ್ತಿನ ಪತ್ರಿಕೆಗಳು ತಿರುವನಂತಪುರದತ್ತ ಮುಖಮಾಡಿದುವು. ಹೊಸ ರಾಜ್ಯಕ್ಕೆ ಹೊಸ ಮುಖಗಳು. ಅವುಗಳನ್ನು ಹಿಡಿದಿಡಲು ಒಂದು ಕಣ್ಣು ಬೇಕಾಗಿದ್ದಿತು. ಶಿವನ್ ಆ ಕಣ್ಣಾದರು.

1959ರಲ್ಲಿ ಅವರು ತಿರುವನಂತಪುರದಲ್ಲಿ ತಮ್ಮದೇ ಸ್ಟುಡಿಯೊ ತೆರೆದರು. ಅದು ಸ್ಟ್ಯಾಚ್ಯೂ ಎಂಬ ಪ್ರದೇಶದಲ್ಲಿದ್ದಿತು. ಹಿಂದೆ ದಿವಾನರಾಗಿದ್ದ ಸರ್ ಟಿ. ಮಾಧವರಾಯರ ಪ್ರತಿಮೆ ಸೆಕ್ರೆಟೇರಿಯಟಿನೆದುರು ನಿಂತಿರುವುದರಿಂದ ಆ ಜಾಗಕ್ಕೆ ಆ ಹೆಸರು. ಸರಕಾರದ ಕಚೇರಿ ಹತ್ತಿರದಲ್ಲಿದ್ದರೆ ಅಲ್ಲಿಗೆ ಎಲ್ಲ ಬಗೆಯ ಜನರೂ ಬರುವರು. ಮಂತ್ರಿ ಬರುವನು, ಅರ್ಜಿದಾರನೂ ಬರುವನು. ಸಾಹಿತಿ ಬರುವನು, ಕೆಲಸಕ್ಕೆ ಅರ್ಜಿ ಹಾಕಲು ಪಾಸ್‌ಪೋರ್ಟ್ ಅಳತೆಯ ಚಿತ್ರ ಬೇಕಾದ ಬಡ ಪದವೀಧರನೂ ಬರುವನು. ಊರಿನ ಸ್ಟುಡಿಯೊದ ಕ್ಯಾಮರಾಕ್ಕೆ ಇವರಲ್ಲಿ ಭೇದವಿಲ್ಲ. ಒಂದೇ ಕುರ್ಚಿ, ಒಂದೇ ದೀಪ.

ಶಿವನ್ ಅವರ ಹೆಸರನ್ನು ಜನ ಇಂದಿಗೂ ಜೋಡಿಸುವುದು 'ಚೆಮ್ಮೀನ್' ಚಿತ್ರದೊಂದಿಗೆ. ತಗಳಿ ಶಿವಶಂಕರ ಪಿಳ್ಳೆಯವರ ಕಾದಂಬರಿಯನ್ನು ರಾಮು ಕಾರ್ಯಾಟ್ ಅವರು 1965ರಲ್ಲಿ ತೆರೆಗೆ ತಂದರು. ಆ ವರುಷದ ರಾಷ್ಟ್ರಪತಿ ಸ್ವರ್ಣಪದಕ ಅದಕ್ಕೆ ದೊರೆಯಿತು. ದಕ್ಷಿಣದ ಚಿತ್ರವೊಂದಕ್ಕೆ ಆ ಗೌರವ ಬಂದುದು ಅದೇ ಮೊದಲು. ಮಾರ್ಕಸ್ ಬಾರ್ಟ್ಲೆಯವರು ಚಲನಚಿತ್ರವನ್ನು ಸೆರೆಹಿಡಿದರೆ, ಅದರ ಸ್ಥಿರಚಿತ್ರಗಳನ್ನು ತೆಗೆದವರು ಶಿವನ್. ಕಡಲು, ಮರಳು, ಬಲೆ, ದೋಣಿ, ದಡದಲ್ಲಿ ಕಾಯುವ ಹೆಂಗಸು: ಇದು ನಮ್ಮ ಮೊಗವೀರ ಬಂಧುಗಳಿಗೆ ಹೊಸ ಲೋಕವೇನಲ್ಲ. ಮಲ್ಪೆಯ ಕಡಲಿಗೂ ಕೇರಳದ ಕಡಲಿಗೂ ನೀರೊಂದೇ.

ಸ್ಥಿರಚಿತ್ರ ತೆಗೆಯುವವನ ಕೆಲಸವನ್ನು ಇಲ್ಲಿ ಎರಡು ಮಾತಿನಲ್ಲಿ ವಿವರಿಸುವುದು ಯೋಗ್ಯ. ಚಲನಚಿತ್ರದ ಕ್ಯಾಮರಾ ಕ್ಷಣಕ್ಕೆ ಇಪ್ಪತ್ತನಾಲ್ಕು ಚಿತ್ರಗಳನ್ನು ತೆಗೆಯುತ್ತದೆ. ಅದರ ಮಗ್ಗುಲಲ್ಲಿ ನಿಂತವನು ಇಡಿಯ ಸನ್ನಿವೇಶಕ್ಕೆ ಒಂದೋ ಎರಡೋ ತೆಗೆಯಬೇಕು. ಆ ಒಂದರಲ್ಲಿ ಕಥೆಯೆಲ್ಲ ಬರಬೇಕು. ಸಿನೆಮಾ ಮಂದಿರದ ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ಅಂಟಿಸಿದ ಚಿತ್ರಗಳನ್ನು ನೋಡಿಯೇ ಒಳಗೆ ಹೋಗಬೇಕೋ ಬೇಡವೋ ಎಂದು ನಾವೆಲ್ಲ ಒಂದು ಕಾಲದಲ್ಲಿ ನಿಶ್ಚಯಿಸುತ್ತಿದ್ದೆವಷ್ಟೆ! ಕಿಸೆಯಲ್ಲಿ ಕಾಸಿಲ್ಲದ ದಿನ ಆ ಚಿತ್ರಗಳನ್ನು ನೋಡಿಯೇ ಸಿನೆಮಾ ನೋಡಿದಷ್ಟು ತೃಪ್ತಿಪಟ್ಟು ಹಿಂದಿರುಗಿದವರೂ ಇದ್ದಾರೆ.

ಮುಂದೆ ಶಿವನ್ ತಾವೇ ಚಿತ್ರಗಳನ್ನು ನಿರ್ದೇಶಿಸಿದರು. 'ಅಭಯಂ' ಎಂಬ ಮಕ್ಕಳ ಚಿತ್ರಕ್ಕೆ 1991ರ ಸಾಲಿನ ರಾಷ್ಟ್ರಪ್ರಶಸ್ತಿ ಬಂದಿತು. 2009ರ ಸಾಲಿನಲ್ಲಿ ಅವರ 'ಕೇಶು' ಚಿತ್ರಕ್ಕೆ ಮತ್ತೊಮ್ಮೆ ಅದೇ ಪ್ರಶಸ್ತಿ. ಈ ಸಲ ಅದನ್ನು ಅವರೊಂದಿಗೆ ಹಂಚಿಕೊಂಡುದು ಒಂದು ಕನ್ನಡ ಚಿತ್ರ, ಪಿ. ಎನ್. ರಾಮಚಂದ್ರ ಅವರ 'ಪುಟಾಣಿ ಪಾರ್ಟಿ', ಎಂಬುದು ನಮಗೆ ಸಂತೋಷದ ವಿಷಯ. ತಂದೆಯ ಮನೆಯೇ ಮಕ್ಕಳಿಗೆ ಪಾಠಶಾಲೆಯಾಯಿತು. ಸಂಗೀತ್, ಸಂತೋಷ್, ಸಂಜೀವ್ ಮೂವರು ಗಂಡುಮಕ್ಕಳೂ ಚಿತ್ರರಂಗವನ್ನೇ ಹಿಡಿದರು. ಸಂತೋಷ್ ಶಿವನ್ ಅವರ ಛಾಯಾಗ್ರಹಣವನ್ನು 'ರೋಜಾ', 'ಇರುವರ್' ಮೊದಲಾದ ಚಿತ್ರಗಳಲ್ಲಿ ಕಂಡು ಮೆಚ್ಚದವರಿಲ್ಲ. 2024ನೆಯ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಛಾಯಾಗ್ರಾಹಕರಿಗೆ ಸಲ್ಲುವ ಪಿಯೆರ್ ಆಂಜೆನ್ಯೂ ಗೌರವ ಅವರಿಗೆ ಸಂದಿತು. ಅದೇ ತಿಂಗಳ 8ರಂದು ಅಣ್ಣ ಸಂಗೀತ್ ಶಿವನ್ ಮುಂಬಯಿಯಲ್ಲಿ ತೀರಿಕೊಂಡಿದ್ದರು. ಹಿರಿಯ ಶಿವನ್ ಇದಾವುದನ್ನೂ ಕಾಣಲಿಲ್ಲ. 2021ನೆಯ ಜೂನ್ 24ರಂದು, 89ನೆಯ ವಯಸ್ಸಿನಲ್ಲಿ, ಅವರು ತಿರುವನಂತಪುರದಲ್ಲಿಯೇ ದೈವಾಧೀನರಾಗಿದ್ದರು.

ಗಲ್ಲಾದ ಮೇಲಿನ ಲಕ್ಷ್ಮಿ

ಭಾವಚಿತ್ರದ ಈ ಪ್ರೀತಿ ಆ ನೆಲಕ್ಕೆ ಎಲ್ಲಿಂದ ಬಂದಿತು? ಕಾರಣ ಹುಡುಕಲು ನಾವು ಬಹುದೂರ ಹೋಗಬೇಕಾದುದಿಲ್ಲ. ನಮ್ಮ ಹೋಟೆಲಿನ ಗಲ್ಲಾದ ಮೇಲೆ ನೋಡಿದರೆ ಸಾಕು. ಊದಿನಕಡ್ಡಿಯ ಹೊಗೆಯಲ್ಲಿ ಕಂದಿದ ಲಕ್ಷ್ಮಿಯೋ ಸರಸ್ವತಿಯೋ ಅಲ್ಲಿ ಇರುವಳಲ್ಲವೆ? ದೇವಿಗೆ ನೆರೆಮನೆಯ ಹೆಂಗಸಿನ ಮುಖಲಕ್ಷಣ ಕೊಟ್ಟು ಚಿತ್ರಿಸಿದ ರಾಜಾ ರವಿವರ್ಮರು ತಿರುವನಂತಪುರಕ್ಕೆ ಸಮೀಪದ ಕಿಳಿಮಾನೂರಿನವರು. 1848ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡ ಅವರು ಮೊದಲು ಹೆಸರು ಪಡೆದುದು ರಾಜರ, ರಾಣಿಯರ, ಮನೆತನಗಳ ಭಾವಚಿತ್ರಗಳಿಂದ. ಮೈಸೂರು ಅರಮನೆಗಾಗಿಯೂ ಅವರು ಚಿತ್ರ ಬರೆದರು. ಅವರ ಕೃತಿಗಳನ್ನು ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಕಾಣಬಹುದು. 1894ರಲ್ಲಿ ಮುಂಬಯಿಯಲ್ಲಿ ಅವರು ಮುದ್ರಣಾಲಯ ಸ್ಥಾಪಿಸಿದ ಮೇಲೆ, ಅರಮನೆಯ ಗೋಡೆಯ ಮೇಲಿದ್ದ ದೇವರು ಬಡವನ ಗೋಡೆಗೂ ಇಳಿದುಬಂದರು.

ಇದೇ ಕಾಲದಲ್ಲಿ ತಿರುವನಂತಪುರದಲ್ಲಿ ಝಕಾರಿಯಾ ಡಿಕ್ರೂಝ್ ಎಂಬ ಛಾಯಾಗ್ರಾಹಕರು ತಿರುವಾಂಕೂರು ಸಂಸ್ಥಾನದ ದೃಶ್ಯಗಳನ್ನು ಕ್ಯಾಮರಾದಲ್ಲಿ ಹಿಡಿಯುತ್ತಿದ್ದರು. ಕಟ್ಟಡ, ಹಿನ್ನೀರು, ಜಲಪಾತ, ಜನ ಎಲ್ಲವೂ ಅವರ ಚಿತ್ರಸಂಪುಟಗಳಲ್ಲಿದ್ದುವು. ಅವುಗಳ ಪ್ರತಿಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಜೋಪಾನವಾಗಿವೆ.

ಚಿತ್ರಕಾರನ ಕುಂಚ ಒಂದೆಡೆ, ಛಾಯಾಗ್ರಾಹಕನ ಮಸೂರ ಇನ್ನೊಂದೆಡೆ: ಇವೆರಡರ ನಡುವೆ ನಮ್ಮ ದೇಶದ ಸ್ಟುಡಿಯೊ ಚಿತ್ರ ಬೆಳೆಯಿತು. ಕೆತ್ತನೆಯ ಕುರ್ಚಿ, ಮಗ್ಗುಲಲ್ಲಿ ಹೂದಾನಿ, ಹಿಂದೆ ಬಣ್ಣದ ಪರದೆ, ಒಂದು ಕೈ ಮೇಜಿನ ಮೇಲೆ. ಇವೆಲ್ಲ ಅರಮನೆಯ ತೈಲಚಿತ್ರದಿಂದ ಬಂದ ಏರ್ಪಾಡುಗಳು. ರಾಜನಿಗಾಗಿ ಹುಟ್ಟಿದ ಭಂಗಿಯಲ್ಲಿ ಲೋಟ ತೊಳೆಯುವ ಹುಡುಗ ಕುಳಿತನು. ಇದನ್ನು ನೋಡಿ ನಗುವವರು ನಗಲಿ. ನಮಗಂತೂ ಅದರಲ್ಲಿ ನಗುವಂಥದೇನೂ ಕಾಣುವುದಿಲ್ಲ. ದಿನವೆಲ್ಲ ಏಕವಚನದಲ್ಲಿ ಕರೆಸಿಕೊಳ್ಳುವವನಿಗೆ ಐದು ನಿಮಿಷ ಬಹುವಚನದ ಮರ್ಯಾದೆ ದೊರಕಿದ ಜಾಗ ಆ ಸ್ಟುಡಿಯೊ. "ಸ್ವಲ್ಪ ಗಲ್ಲ ಎತ್ತಿರಿ. ಇತ್ತ ನೋಡಿರಿ. ರೆಪ್ಪೆ ಬಡಿಯಬೇಡಿರಿ." ಹೀಗೆ ಅವನನ್ನು ಮತ್ತೆ ಯಾರು ಮಾತನಾಡಿಸಿದ್ದರು?

ಹಿಟ್ಟಿನಂತೆಯೇ ಫಿಲ್ಮು

ಫಿಲ್ಮಿನ ಕೆಲಸ ಹೇಗೆಂಬುದನ್ನು ಅಡಿಗೆಮನೆ ಬಲ್ಲವರಿಗೆ ತಿಳಿಸುವುದು ಕಷ್ಟವಲ್ಲ. ಪಾರದರ್ಶಕ ಪಟ್ಟಿಯ ಮೇಲೆ ಜಿಲೆಟಿನ್ ಎಂಬ ಅಂಟಿನ ತೆಳುಪದರ. ಅದರಲ್ಲಿ ಬೆಳ್ಳಿಯ ಲವಣದ ಕಣಗಳು. ಮುಖದ ಮೇಲೆ ಬಿದ್ದ ಬೆಳಕು ಮಸೂರದೊಳಗಿಂದ ಹಾಯ್ದು ಆ ಕಣಗಳನ್ನು ಮುಟ್ಟುತ್ತದೆ. ಆಗ ಕಣ್ಣಿಗೇನೂ ಕಾಣುವುದಿಲ್ಲ, ಚಿತ್ರ ಹುದುಗಿರುತ್ತದೆ. ಗಾಢಾಂಧಕಾರದಲ್ಲಿ ಫಿಲ್ಮನ್ನು ಡೆವಲಪರಿನಲ್ಲಿ ಅದ್ದಿದಾಗ ಬೆಳಕು ಮುಟ್ಟಿದ ಕಣಗಳು ಕಪ್ಪಾದ ಬೆಳ್ಳಿಯಾಗುತ್ತವೆ. ಬಳಿಕ ಹೈಪೋ ಎಂಬ ದ್ರಾವಣ ಉಳಿದ ಕಣಗಳನ್ನು ತೊಳೆದುಹಾಕುತ್ತದೆ. ಬೆಳಗಿದ್ದುದು ಕಪ್ಪು, ಕಪ್ಪಾಗಿದ್ದುದು ಬೆಳಕು; ಅದೇ ನೆಗೆಟಿವ್. ಅದನ್ನು ಮತ್ತೆ ಬೆಳಕಿಗೊಡ್ಡಿ ಕಾಗದಕ್ಕೆ ಇಳಿಸಿದರೆ ಮುಖ ಸರಿಯಾಗಿ ಮೂಡುತ್ತದೆ. ಕೆಂಪು ದೀಪದ ಕೆಳಗೆ, ನೀರಿನಂಥ ದ್ರಾವಣದೊಳಗಿಂದ, ಮೊದಲು ಹುಬ್ಬು, ಮತ್ತೆ ಕಣ್ಣು, ಆಮೇಲೆ ತುಟಿ ಎದ್ದುಬರುವುದನ್ನು ಒಮ್ಮೆ ಕಂಡವನು ಮರೆಯಲಾರನು.

ದೋಸೆಯ ಹಿಟ್ಟು ಬೇಸಗೆಯಲ್ಲಿ ಬೇಗ ಹುಳಿಯುವುದು, ಚಳಿಗಾಲದಲ್ಲಿ ತಡವಾಗುವುದು ಎಂಬುದನ್ನು ಭಟ್ಟರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಡೆವಲಪರಿನ ಸ್ವಭಾವವೂ ಹಾಗೆಯೇ. ಕಪ್ಪು-ಬಿಳುಪು ಫಿಲ್ಮಿಗೆ ಪುಸ್ತಕದಲ್ಲಿ ಸಾಮಾನ್ಯವಾಗಿ ಹೇಳುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಕೇರಳದ ಕರಾವಳಿಯಲ್ಲಿ ನಲ್ಲಿಯ ನೀರು ಅಷ್ಟು ತಂಪಾಗಿರುವ ದಿನವೆಲ್ಲಿ? ತಟ್ಟೆಯ ಸುತ್ತಲೂ ಮಂಜುಗಡ್ಡೆ ಇಡಬೇಕು, ಇಲ್ಲವೆ ಗಡಿಯಾರ ನೋಡಿ ಹೊತ್ತು ಕಡಮೆ ಮಾಡಬೇಕು. ಎಚ್ಚರ ತಪ್ಪಿದರೆ ಬಿಸಿ ನೀರಿಗೆ ಜಿಲೆಟಿನ್ ಮೆದುವಾಗಿ ಸುಕ್ಕುಗಟ್ಟುತ್ತದೆ. ಆಷಾಢದಲ್ಲಿ ತೊಳೆದ ಫಿಲ್ಮು ಒಣಗುವುದಿಲ್ಲ. ಒಣಗಿದ ಫಿಲ್ಮಿಗೆ ಬೂಸಲು. ಮಸೂರದ ಒಳಗೂ ಬೂಸಲಿನ ಎಳೆಗಳು. ಹಳೆಯ ಅಸಿಟೇಟ್ ಫಿಲ್ಮಂತೂ ಸೆಕೆ, ತೇವಗಳಿಗೆ ಸಿಕ್ಕಿ ಕೆಟ್ಟು, ಡಬ್ಬಿ ತೆರೆದರೆ ವಿನಿಗರಿನ ಹುಳಿ ವಾಸನೆ ಹೊಡೆಯುತ್ತದೆ. ಶಿವನ್ ಮತ್ತು ಅವರ ಸಮಕಾಲೀನರು ಕೆಲಸ ಮಾಡಿದುದು ಇಂಥ ಹವೆಯಲ್ಲಿ. ಅವರ ಕಾಲದ ಒಂದೊಂದು ನೆಗೆಟಿವ್ ಉಳಿದಿರುವುದೂ ಯಾರೋ ಒಬ್ಬರ ಎಚ್ಚರದ ಫಲ.

ಖರ್ಚಿನ ಮಾತು ಬೇರೆ. ದೊಡ್ಡ ಸುರುಳಿಯಲ್ಲಿ, ಚೌಕದ ಅಳತೆಗೆ, ಹನ್ನೆರಡು ಚಿತ್ರ. ಸಣ್ಣ ಸುರುಳಿಯಲ್ಲಿ ಮೂವತ್ತಾರು. ಮಧ್ಯಮವರ್ಗದ ಮನೆಗಳಲ್ಲಿ ಆಗ ಇದ್ದ ಆಗ್ಫಾ ಕ್ಲಿಕ್ ಕ್ಯಾಮರಾಕ್ಕೂ ಹನ್ನೆರಡೇ. ಫಿಲ್ಮು ಬಹುಮಟ್ಟಿಗೆ ವಿದೇಶದಿಂದ ಬರಬೇಕಾಗಿದ್ದಿತು. ಆ ಕೊರತೆ ನೀಗಲೆಂದು ಕೇಂದ್ರ ಸರಕಾರ 1960ರಲ್ಲಿ ಉದಕಮಂಡಲದಲ್ಲಿ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯನ್ನು ಸ್ಥಾಪಿಸಿತು. 1967ರಲ್ಲಿ ಉತ್ಪಾದನೆ ಆರಂಭವಾಯಿತು. 'ಇಂದು' ಎಂಬುದು ಅಲ್ಲಿ ತಯಾರಾದ ಫಿಲ್ಮಿನ ಹೆಸರು. ಚಂದ್ರನ ಹೆಸರು ಹೊತ್ತ ಆ ಫಿಲ್ಮು ಈಗ ಅಸ್ತಂಗತವಾಗಿದೆ. ದೀರ್ಘಕಾಲ ನಷ್ಟದಲ್ಲಿ ನಡೆದು ಆ ಕಾರ್ಖಾನೆ ಬಾಗಿಲು ಹಾಕಿತು.

ಹನ್ನೆರಡೇ ಚಿತ್ರಗಳಿರುವಾಗ ಛಾಯಾಗ್ರಾಹಕ ಏನು ಮಾಡುವನು? ಕ್ಯಾಮರಾದ ಗುಂಡಿ ಒತ್ತುವ ಮೊದಲು ನೋಡುವನು. ಎದುರಿಗೆ ಕುಳಿತವನ ಯಾವ ಕೆನ್ನೆಗೆ ಬೆಳಕು ಹೊಂದುವುದು, ಯಾವ ಮಾತಿಗೆ ಅವನ ಮುಖದ ಬಿಗಿ ಸಡಿಲುವುದು, ಎಂದು ಕಾಯುವನು. ಕುಳಿತವನೂ ಕಾಯುವನು. ಆ ಎರಡು ಕಾಯುವಿಕೆಗಳು ಕೂಡಿದಲ್ಲಿ ಭಾವಚಿತ್ರ ಹುಟ್ಟುತ್ತದೆ. ಫಿಲ್ಮಿನ ಮಹಿಮೆ ಬೆಳ್ಳಿಯಲ್ಲಿ ಮಾತ್ರ ಇರುವುದಲ್ಲ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಅವಸರವಿಲ್ಲದೆ ನೋಡುವಂತೆ ಅದು ಮಾಡುತ್ತಿದ್ದಿತೆಂಬುದರಲ್ಲಿಯೂ ಇದೆ.

ಕೊಚ್ಚಿಯ ಕಥೆ

ಇನ್ನು ಕೊಚ್ಚಿಯತ್ತ ಹೋಗೋಣ. ಕೊಚ್ಚಿ ಎಂದರೆ ವಲಸೆಗಾರರ ಊರು. ಅಲ್ಲಿನ ಮಟ್ಟಾಂಚೇರಿಯ ಗಲ್ಲಿಗಳಲ್ಲಿ ಕೊಂಕಣಿ ಮಾತನಾಡುವ ಗೌಡ ಸಾರಸ್ವತರಿದ್ದಾರೆ, ಗುಜರಾತಿ ವರ್ತಕರಿದ್ದಾರೆ, ತಮಿಳರಿದ್ದಾರೆ. 1568ರಲ್ಲಿ ಕಟ್ಟಿದ ಯೆಹೂದಿಗಳ ಪ್ರಾರ್ಥನಾಮಂದಿರವಿದೆ. ತುಳುನಾಡಿನಿಂದ ಕೇರಳದ ದೇವಸ್ಥಾನಗಳಿಗೆ ಅರ್ಚಕರಾಗಿ ಹೋದ ಬ್ರಾಹ್ಮಣರನ್ನು ಅಲ್ಲಿಯವರು ಎಂಬ್ರಾಂತಿರಿಗಳೆಂದು ಕರೆಯುವುದೂ, ಉಡುಪಿಯ ಕಡೆಯವರು ಅಲ್ಲಿ ಹೋಟೆಲು ನಡೆಸಿದುದೂ ನಮ್ಮವರಿಗೆ ತಿಳಿದ ವಿಷಯವೇ.

ಇಂಥ ಊರಿನಲ್ಲಿ 1964ರಲ್ಲಿ ಹುಟ್ಟಿದವರು ಅಬುಲ್ ಕಲಾಂ ಆಜಾದ್. ಮೊದಲು ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾದ ಛಾಯಾಗ್ರಾಹಕರಾಗಿ ದಿಲ್ಲಿಯಲ್ಲಿದ್ದರು. ಬಳಿಕ ಪತ್ರಿಕೆಯ ಕೆಲಸ ಬಿಟ್ಟು ಊರಿಗೆ ಮರಳಿ, ಮಟ್ಟಾಂಚೇರಿಯಲ್ಲಿ 'ಮಾಯಾಲೋಕಂ' ಎಂಬ ಕಲಾಕೇಂದ್ರ ನಡೆಸಿದರು. ಕೊಡುಂಗಲ್ಲೂರಿನ ಭರಣಿ ಉತ್ಸವವನ್ನು ಕುರಿತ ಅವರ ಚಿತ್ರಮಾಲೆ ಪ್ರಸಿದ್ಧವಾಗಿದೆ. ನೆಗೆಟಿವನ್ನು ಅವರು ಪೂಜಾವಸ್ತುವಿನಂತೆ ಮುಟ್ಟದೆ ಇಟ್ಟವರಲ್ಲ. ಅದನ್ನು ಕೆರೆದರು, ಅದರ ಮೇಲೆ ಬರೆದರು, ಬಣ್ಣ ಹಚ್ಚಿದರು. ಹೊಸಬರಿಗೆ ಇದು ವಿಚಿತ್ರವೆನಿಸೀತು. ಆದರೆ ನಮ್ಮ ಹಳೆಯ ಸ್ಟುಡಿಯೊಗಳಲ್ಲಿ ಚೂಪಾದ ಪೆನ್ಸಿಲಿನಿಂದ ನೆಗೆಟಿವಿನ ಮೇಲೆಯೇ ಸಿಡುಬಿನ ಕಲೆ ಮುಚ್ಚುತ್ತಿದ್ದವರು, ಕಪ್ಪು-ಬಿಳುಪು ಚಿತ್ರದಲ್ಲಿ ಸೀರೆಯ ಅಂಚಿಗೆ ಕೆಂಪು ತುಂಬುತ್ತಿದ್ದವರು ಮಾಡಿದುದೂ ಬಹುಮಟ್ಟಿಗೆ ಇದೇ ಅಲ್ಲವೆ? ಅವರು ಗಿರಾಕಿಯ ಸಂತೋಷಕ್ಕಾಗಿ ಮಾಡಿದರು, ಇವರು ಒಂದು ವಿಚಾರವನ್ನು ಹೇಳಲು ಮಾಡಿದರು. ಕೈ ಮುಟ್ಟುವ ವಸ್ತುವೊಂದಿದ್ದುದರಿಂದ ಎರಡೂ ಸಾಧ್ಯವಾದುವು.

ಮುಂದೆ ಆಜಾದರು ತಮಿಳುನಾಡಿನ ತಿರುವಣ್ಣಾಮಲೆಯಲ್ಲಿ ನೆಲೆಸಿ, ಆ ಊರಿನ ಬದುಕನ್ನು ಒಂದು ವರುಷದುದ್ದಕ್ಕೂ ಹಲವು ಛಾಯಾಗ್ರಾಹಕರು ಕೂಡಿ ದಾಖಲಿಸುವ ಕಾರ್ಯಕ್ಕೆ ಮುಂದಾದರು. ಡಿಜಿಟಲ್ ಕ್ಯಾಮರಾ ಎಲ್ಲೆಡೆ ಹಬ್ಬಿದ್ದ ಆ ಕಾಲದಲ್ಲಿ, ಅದಕ್ಕಾಗಿ ಅವರು ಆರಿಸಿಕೊಂಡುದು ಫಿಲ್ಮನ್ನೇ. ಕೊಚ್ಚಿಯಲ್ಲಾದರೋ 2012ನೆಯ ಡಿಸೆಂಬರ್ 12ರಂದು ಕೊಚ್ಚಿ-ಮುಜಿರಿಸ್ ಬಿಯೆನಾಲೆ ಎಂಬ ಕಲಾಪ್ರದರ್ಶನ ಆರಂಭವಾಯಿತು. ಹಿಂದೆ ಸಂಬಾರ ಪದಾರ್ಥಗಳ ಮೂಟೆ ಬೀಳುತ್ತಿದ್ದ ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಕಟ್ಟಡದ ಗೋಡೆಗಳು ಆಗ ಕಲಾಕೃತಿಗಳಿಗೆ ಆಶ್ರಯವಾದುವು.

ನಮ್ಮವರೇ ಆದ ಸತ್ಯನ್

ಕೇರಳದವರನ್ನು ಇಷ್ಟು ಹೊಗಳಿ ನಮ್ಮವರನ್ನು ಮರೆತರೆ ಅಪಚಾರವಾದೀತು. ಮೈಸೂರಿನ ಟಿ. ಎಸ್. ಸತ್ಯನ್ 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯಲ್ಲಿ ದುಡಿದು, 'ಲೈಫ್' ಮುಂತಾದ ವಿದೇಶೀ ಪತ್ರಿಕೆಗಳಿಗೂ ಚಿತ್ರ ಕಳುಹಿಸಿದವರು. 1977ರಲ್ಲಿ ಪದ್ಮಶ್ರೀ ಬಂದಿತು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಂದು, ಭಾರತದ ಮಕ್ಕಳನ್ನು ಕುರಿತ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡುವು. ಆರ್. ಕೆ. ನಾರಾಯಣರಂಥ ಗೆಳೆಯರ ಭಾವಚಿತ್ರಗಳನ್ನು ತೆಗೆದ ಕೈಯೇ ಹೆಸರಿಲ್ಲದ ಹಳ್ಳಿಗನನ್ನೂ ಅಷ್ಟೇ ಆದರದಿಂದ ತೆಗೆಯಿತು. ತಮ್ಮ ಆತ್ಮಕಥನಕ್ಕೆ ಕನ್ನಡದಲ್ಲಿ ಅವರು ಇಟ್ಟ ಹೆಸರು 'ಕಾಲಕ್ಕೆ ಕನ್ನಡಿ'. ಕನ್ನಡಿಯ ಎದುರಿನಿಂದ ನಾವು ಸರಿದರೆ ನಮ್ಮ ಬಿಂಬವೂ ಸರಿಯುತ್ತದೆ. ಸತ್ಯನ್ನರ ಕನ್ನಡಿಯಲ್ಲಾದರೋ ಬಿಂಬ ನಿಂತಿದೆ.

ಹಳತನ್ನು ಕುರಿತು ಅಳುವುದೇಕೆ?

ಇಷ್ಟನ್ನು ಓದಿದ ತರುಣ ವಾಚಕರು ಒಂದು ಪ್ರಶ್ನೆ ಕೇಳಬಹುದು. ಈಗ ಪ್ರತಿಯೊಬ್ಬನ ಕಿಸೆಯಲ್ಲೂ ಕ್ಯಾಮರಾ ಇದೆ. ಊರಿನ ತಾಯಿ ಮಗನನ್ನು ಫೋನಿನಲ್ಲೇ ಕಣ್ಣಾರೆ ಕಾಣುತ್ತಾಳೆ. ಎಂಟು ದಿನ ಕಾಯಬೇಕಾಗಿಲ್ಲ, ಕಾಸೂ ಬೇಕಾಗಿಲ್ಲ. ಹೀಗಿರುವಾಗ ಫಿಲ್ಮಿನ ಹಾಡನ್ನು ಹಾಡುವುದೇಕೆ? ಪ್ರಶ್ನೆ ನ್ಯಾಯವಾದುದು. ಒಂದು ಫೋಟೊಕ್ಕೂ ಗತಿಯಿಲ್ಲದೆ, ಸತ್ತ ಮೇಲೆ ಮುಖದ ಗುರುತೂ ಉಳಿಯದೆ ಹೋದ ಸಾವಿರಾರು ಜನ ನಮ್ಮವರಲ್ಲಿದ್ದರು. ಅವರ ಮೊಮ್ಮಕ್ಕಳಿಗೆ ಆ ದಾರಿದ್ರ್ಯವಿಲ್ಲವೆಂಬುದು ಸಂತೋಷವೇ. ಸ್ಟುಡಿಯೊದ ಚಿತ್ರದಲ್ಲಿ ಸುಳ್ಳಿರಲಿಲ್ಲವೆಂದೂ ನಾವು ಹೇಳುವುದಿಲ್ಲ. ಕಡ ತಂದ ಅಂಗಿಯ ಕೆಳಗಿದ್ದ ಹಸಿವು ತಾಯಿಗೆ ಕಾಣಲಿಲ್ಲ. ಕಾಣಬಾರದೆಂದೇ ಅದನ್ನು ತೆಗೆಸಿದುದು.

ಕಾಲಚಕ್ರವನ್ನು ಹಿಂದಕ್ಕೆ ತಿರುಗಿಸಲಾಗದು. ಡಿಜಿಟಲ್ ಕ್ಯಾಮರಾದ ಮೊದಲ ಮಾದರಿ 1975ರಲ್ಲಿ ತಯಾರಾದುದು ಕೋಡಕ್ ಕಂಪೆನಿಯ ಪ್ರಯೋಗಶಾಲೆಯಲ್ಲಿಯೇ. ಫಿಲ್ಮಿನಿಂದ ಬದುಕಿದ ಅದೇ ಕಂಪೆನಿ 2012ರಲ್ಲಿ ದಿವಾಳಿ ಅರ್ಜಿ ಸಲ್ಲಿಸಬೇಕಾಯಿತು. ಆದರೂ ಫಿಲ್ಮು ಸತ್ತಿಲ್ಲ. ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲ್ಮನ್ನು ಕೋಡಕ್ 2018ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. 2024ರಲ್ಲಿ ಪೆಂಟಾಕ್ಸಿನವರು ಹೊಸದೊಂದು ಫಿಲ್ಮ್ ಕ್ಯಾಮರಾವನ್ನೇ ಹೊರತಂದರು. ಸಾವಿರ ಚಿತ್ರ ತೆಗೆದು ಒಂದನ್ನೂ ನೋಡದೆ ಬೇಸತ್ತ ತರುಣರು, ಮೂವತ್ತಾರು ತೆಗೆದು ಮೂವತ್ತಾರನ್ನೂ ಕಾದು ನೋಡುವ ಸುಖವನ್ನು ಹೊಸದಾಗಿ ಕಂಡುಕೊಳ್ಳುತ್ತಿದ್ದಾರೆ.

ಎಲ್ಲರೂ ಫಿಲ್ಮ್ ಕ್ಯಾಮರಾ ಕೊಳ್ಳಬೇಕೆಂದು ನಾವು ಬೋಧಿಸುತ್ತಿಲ್ಲ. ಈಗಿನ ಬೆಲೆಯಲ್ಲಿ ಅದು ಸಂಬಳದಾರರಿಗೆ ಸಲ್ಲುವ ಮಾತೂ ಅಲ್ಲ. ನಾವು ಹೇಳಬೇಕೆಂದಿರುವುದು ಇಷ್ಟೆ. ಫಿಲ್ಮಿನ ಕಾಲದಲ್ಲಿ ಎರಡು ಕೆಲಸಗಳು ತಾವಾಗಿ ನಡೆಯುತ್ತಿದ್ದುವು: ಎದುರಿಗೆ ಕುಳಿತವನನ್ನು ಯಾರಾದರೊಬ್ಬರು ಸಾವಧಾನವಾಗಿ ನೋಡುತ್ತಿದ್ದರು, ನೋಡಿದುದರ ಮೂಲಪ್ರತಿ ಎಲ್ಲಾದರೊಂದು ಕಡೆ ಸಂಖ್ಯೆ ಹೊತ್ತು ಉಳಿಯುತ್ತಿದ್ದಿತು. ಈಗ ಅವೆರಡನ್ನೂ ನಾವೇ ಬೇಕೆಂದು ಮಾಡಬೇಕಾಗಿದೆ. ಫೋನು ನೀರಿಗೆ ಬಿದ್ದರೆ, ಕಳವಾದರೆ, ಐದು ವರುಷದ ಮುಖಗಳೆಲ್ಲ ಒಂದೇ ಸಲ ಹೋಗುವುದನ್ನು ನಾವು ದಿನವೂ ಕಾಣುತ್ತಿದ್ದೇವೆ.

ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆ ತೆರೆಯಿರಿ. ಅಜ್ಜಿ ಇನ್ನೂ ಇದ್ದರೆ ಬಳಿಯಲ್ಲಿ ಕುಳ್ಳಿರಿಸಿಕೊಂಡು, ಇವರು ಯಾರು, ಯಾವ ಇಸವಿ, ಯಾವ ಹೋಟೆಲಿನಲ್ಲಿ ಕೆಲಸಕ್ಕಿದ್ದರು, ಎಂದು ಕೇಳಿ, ಪೆನ್ಸಿಲಿನಿಂದ ಮೆಲ್ಲನೆ ಚಿತ್ರದ ಹಿಂದೆ ಬರೆಯಿರಿ. ಗಾಜಿಗೆ ತಾಗಿದ ಚಿತ್ರವಿದ್ದರೆ ಎಳೆಯಬೇಡಿರಿ. ಗಾಜಿನ ಸಮೇತ ಅದರ ಪ್ರತಿ ತೆಗೆಯಿರಿ. ಲಕೋಟೆಯಲ್ಲಿ ನೆಗೆಟಿವಿನ ತುಂಡು ಸಿಕ್ಕರೆ ಅದನ್ನು ಕಸವೆಂದು ಎಸೆಯದೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿರಿ. ಬಳಿಕ ಒಣಗಿದ ಕಾಗದದಲ್ಲಿ ಸುತ್ತಿ, ತೇವವಿಲ್ಲದ ಕಡೆ ಇರಿಸಿರಿ. ಮತ್ತು ಜತೆಯ ಮಾಣಿಯ ಫೋಟೊವನ್ನು ಫೋನಿನಲ್ಲಿ ತೆಗೆಯುವಾಗ, ಅವನನ್ನು ಕಿಟಕಿಯ ಬಳಿ ಕುಳ್ಳಿರಿಸಿ, ಹೆಸರು ಹಿಡಿದು ಮಾತನಾಡಿಸಿ, ಒಂದು ನಿಮಿಷ ನೋಡಿ, ಆಮೇಲೆ ತೆಗೆಯಿರಿ. ಚೆನ್ನಾಗಿ ಬಂದುದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಅವನ ಮನೆಗೆ ಕಳುಹಿಸಿರಿ.

ನಮ್ಮ ಮನೆಯಲ್ಲಿ ತೀರ್ಥರೂಪರ ಆ ಚಿತ್ರದ ಕಾಗದ ಇನ್ನೂ ಇದೆ. ಮುಂಭಾಗದಲ್ಲಿ ಮುಖವಿಲ್ಲ, ಎರಡು ಭುಜಗಳು, ಕಡ ತಂದ ಅಂಗಿಯ ಕಾಲರು, ಪರದೆಯ ಮೇಲಿನ ಸರೋವರ ಉಳಿದಿವೆ. ಬೆನ್ನ ಮೇಲಿನ ಸಂಖ್ಯೆಯನ್ನು ಈಗಲೂ ಸ್ಪಷ್ಟವಾಗಿ ಓದಬಹುದು.